ಅಕ್ಕನ ಅಂಗಳದ ಕೋಳಿಗಳು

ಹಕ್ಕಿಜ್ವರದ ವೈರಸ್ ಇಲಿಗಳಿಗೆ ಹೇಗೆ ತಗಲುತ್ತದೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಆ ಇಲಿಗಳನ್ನು ಮುಟ್ಟಿದ ಮೇಲೆ ಐದು ದಿನ ಕೋಳಿಗಳ ಹತ್ತಿರ ಹೋಗಬಾರದು. ಮೂರನೆಯ ದಿನ ರಜೆ ಸಿಕ್ಕಿತೆಂದು ಅಕ್ಕನ ಹೆಣ್ಣುಕೂಸನ್ನು ನೋಡಲು ಯಡ್ರಾಮಿಗೆ ಹೋದೆ. ಅಕ್ಕ ಕೋಳಿ ಸಾಕಿದ್ದು ಗೊತ್ತಿರಲಿಲ್ಲ. ಅಂಗಳ ಕಂಡವನೇ ರಸ್ತೆಯಲ್ಲೇ ನಿಂತು ನಿಯಮ ಹೇಳಿದೆ.

“ಕೋಳಿ ಸಲುವಾಗಿ ಸೊಸಿನ್ನ ಎತ್ಕೊಳ್ಳಂಗಿಲ್ಲೇನೋ ತಮ್ಮಾ?” ಎನ್ನುತ್ತ ಅಕ್ಕ ಕೂಸನ್ನು ರಸ್ತೆಗೇ ತಂದಳು.

“ಬ್ಯಾಡಕ್ಕಾ. ನನ್ನ ಕೈಯಾಗಿಂದ ಇಳಿದು ಮತ್ತ ಕೋಳಿ ನಡುವನ ಆಡ್ತದ.”

ಕೂಸು ನನ್ನತ್ತ ಎರಡೂ ಕೈ ಚಾಚಿತು. ನಾನು ಹಿಂದೆ ಸರಿದೆ. ಅಕ್ಕನ ಕಣ್ಣು ತುಂಬಿತು. ದೂರದಿಂದಲೇ ಕೂಸಿನ ಹೆಸರು ಕರೆದು ಕರೆದು, ಮಧ್ಯಾಹ್ನದ ಬಸ್ಸಿಗೆ ಮರಳಿದೆ.

ಅಂದು ನಾನು ಅಂಗಳಕ್ಕೆ ಕಾಲಿಡದೆ ರಸ್ತೆಯಲ್ಲೇ ನಿಂತದ್ದನ್ನು ಕಂಡ ಅಕ್ಕನ ಓಣಿಯವರು ಈಗಲೂ ಅವಳ ಫೋನಿನಲ್ಲಿ ಅನುಕಂಪದಿಂದ ವಿಚಾರಿಸುತ್ತಾರೆ: “ಕೋಳಿ ಅಂಜಿಕಿ ಹೋತೇನ್ರಿ?”