ತಿಮ್ಮರಾಜು ಹಾಕಿದ ನಾಲ್ಕು

ತಮಿಳುನಾಡಿನ ಪೆನ್ನಾಗರಂ ಸುತ್ತಿನ ನಮ್ಮ ಕನ್ನಡದ ಊರುಗಳಲ್ಲಿ ತಿಮ್ಮರಾಜು ಎಂದರೆ ಯಾವ ತಿಮ್ಮರಾಜು ಎಂದು ಕೇಳುತ್ತಾರೆ. ರಾಣಿ ತಿಮ್ಮರಾಜು ಎನ್ನಬೇಕು. ಅರವತ್ತಮೂರು ವರ್ಷ, ಬಿಳಿ ಮೀಸೆ, ಮೂವತ್ತು ಕುರಿ, ಎರಡು ಎಕರೆ ಕಡಲೆಕಾಯಿ ಹೊಲ, ಆದರೂ ರಾಣಿ. ಟೀ ಅಂಗಡಿಯಲ್ಲಿ ಅವನು ಬಂದರೆ ಎದ್ದು ಬೆಂಚು ಬಿಟ್ಟುಕೊಡುತ್ತಾರೆ. ಪಕ್ಕದಲ್ಲೇ ಕುಳಿತು ಆ ಮರ್ಯಾದೆಯ ಟೀಯನ್ನು ನಾನೂ ಎಷ್ಟೋ ವರ್ಷ ಕುಡಿದಿದ್ದೇನೆ. ಅದಕ್ಕೇ ಈ ಮಾತನ್ನು ನಾನೇ ಹೇಳಬೇಕು. ನಾನು ನಂಜಪ್ಪ, ಅವನ ನಾಟಕದಲ್ಲಿ ತೆರೆ ಹಿಡಿಯುತ್ತಿದ್ದವನು.

ನಮ್ಮೂರ ಶಾಲೆಯ ವಾದ್ಯಾರೊಬ್ಬರು ಬರೆದ ನಾಟಕ ಅದು. ಯುದ್ಧಕ್ಕೆ ಹೋದ ಗಂಡ ತಿರುಗಿ ಬಾರದೆ, ರಾಣಿ ಅವನನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಕಥೆ. ನಮ್ಮ ಕಡೆ ಪಾತ್ರ ಸುಮ್ಮನೆ ರಂಗಕ್ಕೆ ಬರುವುದಿಲ್ಲ. ಇಬ್ಬರು ಒಂದು ಬಟ್ಟೆ ಹಿಡಿದು ನಿಲ್ಲುತ್ತಾರೆ, ಪಾತ್ರಧಾರಿ ಅದರ ಹಿಂದೆ ನಿಂತು ಮೊದಲ ಹಾಡು ಹಾಡುತ್ತಾನೆ. ಜನಕ್ಕೆ ಕಾಣುವುದು ಮೇಲೆ ಕಿರೀಟ, ಕೆಳಗೆ ಗೆಜ್ಜೆ. ಹಾಡು ಮುಗಿದ ಮೇಲೆಯೇ ತೆರೆ ಇಳಿಯುವುದು.

ತಿಮ್ಮರಾಜುವಿಗೆ ಹದಿನಾರು ತುಂಬಿದಾಗ ರಾಣಿಯ ಪಾತ್ರ ಸಿಕ್ಕಿತು. ನಾಟಕಕ್ಕೆ ಒಂದು ವಾರ ಇದೆ ಎನ್ನುವಾಗ ಗಂಟಲು ಒಡೆಯಿತು. ರಾಣಿಯ ತೆರೆಹಾಡೋ, ಮೇಲಕ್ಕೆ ಏರಿ ಅಲ್ಲೇ ನಿಲ್ಲುವಂಥದ್ದು. ಇವನು ಬಾಯಿ ತೆಗೆದರೆ ಕುರಿಯೂ ತಿರುಗಿ ನೋಡುತ್ತಿತ್ತು. ಕೊನೆಗೆ ಅವನ ಅಕ್ಕ ಮಾದಮ್ಮ ತೆರೆಯ ಹಿಂದೆ, ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಮುದುರಿ ಕುಳಿತು ಹಾಡಿದಳು. ಹೆಂಗಸರು ರಂಗ ಹತ್ತುವ ಕಾಲವಲ್ಲ ಅದು. ತೆರೆ ಇಳಿಯುವಷ್ಟರಲ್ಲಿ ಅವಳು ಪೆಟ್ಟಿಗೆಯ ಹಿಂದೆ ಸರಿದಿರುತ್ತಿದ್ದಳು. ಆಮೇಲೆ ರಾಣಿಗೆ ಮಾತೇ ಹೆಚ್ಚು. ಹಾಡು ಬಂದರೆ ಹಿಮ್ಮೇಳದವರು ಎತ್ತಿಕೊಳ್ಳುತ್ತಿದ್ದರು. ಈ ವರ್ಷ ಒಂದು ಸಲ ಅಂತ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ತಿಳಿದಿದ್ದವರು ಅಕ್ಕ, ತಮ್ಮ, ತೆರೆಯ ಇನ್ನೊಂದು ತುದಿ ಹಿಡಿದಿದ್ದ ಮುನುಸ್ವಾಮಿ, ಮತ್ತು ನಾನು. ಮುನುಸ್ವಾಮಿ ಈಗಿಲ್ಲ.

ಮಾದಮ್ಮ ಓಮಲೂರು ಕಡೆ ಮದುವೆಯಾಗಿ ಹೋದಳು. ಆ ವರ್ಷವೇ ತಿಮ್ಮರಾಜು ಗಂಟಲಿಗೆ ಬಟ್ಟೆ ಸುತ್ತಿಕೊಂಡು, ದೃಷ್ಟಿ ತಾಕಿ ದನಿ ಹೋಯಿತು ಎಂದ. ಊರು ನಂಬಿತು. ಎಷ್ಟೋ ಮನೆಯ ಹೆಂಗಸರು ಅವನಿಗೆ ನಿಂಬೆಹಣ್ಣು ನಿವಾಳಿಸಿದರು. ನಾನೂ ಒಂದು ನಿಂಬೆಹಣ್ಣು ತಂದುಕೊಟ್ಟೆ. ಬೆನ್ನಿಗೆ ಬಡಿದು ಬುದ್ಧಿ ಹೇಳಬೇಕಾದವನು ನಾನು.

ನಾಟಕ ಕಟ್ಟಿ ಎಪ್ಪತ್ತೈದು ವರ್ಷವಾಯಿತೆಂದು ಈ ಸಲ ನಮ್ಮ ಸಂಘದವರು ಪೆನ್ನಾಗರಂನ ಕಲ್ಯಾಣ ಮಂಟಪದಲ್ಲಿ ಅದರ ಹಾಡುಗಳ ಪೋಟಿ ಇಟ್ಟರು. ಟಿವಿಯಲ್ಲಿ ಹೆಸರು ಮಾಡಿದ ಆರು ಜನ ಗಾಯಕರು ಬಂದರು. ಏಳನೆಯ ಜಾಗ ನಮ್ಮವರಲ್ಲಿ ಯಾರಿಗಾದರೂ ಎಂದು ಬಿಟ್ಟಿದ್ದರು. ತೀರ್ಪಿಗೆ ಇಬ್ಬರು: ಧರ್ಮಪುರಿಯಲ್ಲಿ ಸಂಗೀತ ಕಲಿಸುವ ಪಾಟು ಟೀಚರ್ ಭುವನಾ ಮತ್ತು ನಮ್ಮ ರಾಣಿ. ಮುಖ ನೋಡಿ ಮಾರ್ಕು ಬೀಳಬಾರದೆಂದು ಭುವನಾ ಟೀಚರ್ ತೀರ್ಪುಗಾರರ ಮುಂದೆ ತೆರೆ ಕಟ್ಟಿಸಿದರು. ಚೀಟಿ ತೆಗೆದುಕೊಂಡು ಮೈಕಿನಲ್ಲಿ ಓದುವ ಕೆಲಸ ನನಗೆ ಬಂತು.

ತಿಮ್ಮರಾಜುವಿನ ಕಿವಿ ಮಾತ್ರ ಸುಳ್ಳಲ್ಲ, ಅದನ್ನು ಒಪ್ಪಬೇಕು. ಸೇಲಂನ ಟಿವಿ ಹುಡುಗಿ ಆ ತೆರೆಹಾಡಿಗೆ ಎಷ್ಟು ಕುಚ್ಚು ಕಟ್ಟಿದಳೆಂದರೆ, ರಾಣಿ ಗಂಡನನ್ನು ಹುಡುಕಲು ಹೊರಟಿದ್ದಾಳೋ ಮದುವೆಯೂಟಕ್ಕೆ ಹೊರಟಿದ್ದಾಳೋ ತಿಳಿಯಲಿಲ್ಲ. ಅವಳಿಗೆ ಹತ್ತಕ್ಕೆ ಐದು ಹಾಕಿದ. ಬೆಂಗಳೂರಿನವನ ದನಿ ಚೆನ್ನಾಗಿತ್ತು; ಆದರೆ ಅವನು ಮೇಲೆ ನಿಲ್ಲಬೇಕಾದಲ್ಲಿ ನಿಲ್ಲದೆ ಕೈ ಎತ್ತಿ ಚಪ್ಪಾಳೆ ಕೇಳಿದ್ದು ದನಿಯಲ್ಲೇ ಗೊತ್ತಾಗುತ್ತದೆ ಎಂದ. ಇಣುಕಿ ನೋಡಿದರೆ ಅವನ ಕೈ ನಿಜವಾಗಿಯೂ ಮೇಲಿತ್ತು. ಏಳು ಹಾಕಿದ. ನನಗೆ ಅವನ ಮೇಲೆ ಹೆಮ್ಮೆಯೇ ಆಯಿತು.

ಆಮೇಲೆ ಏಳನೆಯ ನಂಬರು ಕೂಗಿದರು. ಮೊದಲ ಸಾಲಿಗೇ ಆ ದನಿ ಯಾರದೆಂದು ನನಗೆ ಗೊತ್ತಾಯಿತು. ದನಿಗೆ ವಯಸ್ಸಾಗಿತ್ತು, ಅಂಚು ಸವೆದಿತ್ತು. ಆದರೆ ಮೇಲಕ್ಕೆ ಏರಿತು, ಅಲ್ಲೇ ನಿಂತಿತು, ಆತುರವಿಲ್ಲದೆ ಇಳಿಯಿತು. ಸಭೆಯಲ್ಲಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಿಸುಗುಟ್ಟತೊಡಗಿದರು.

ಭುವನಾ ಟೀಚರ್ ತಿಮ್ಮರಾಜುವಿನ ಕಡೆ ಬಾಗಿ ಹೇಳಿದರು, "ಅಯ್ಯಾ, ನಿಮ್ ಆಡು ನಮ್ಮಪ್ಪ ಯೋಳ್ತಿದ್ದಂಗೇ ಐತೆ. ಯಾರೋ ನಿಮ್ಮನ್ನ ಕೇಳಿ ಅಂಗೇ ಎತ್ಕಂಡವ್ರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತಿಮ್ಮರಾಜು ಗಂಟಲು ಮುಟ್ಟಿ ನೋಡಿಕೊಂಡ. ಅವಳು ಗೆದ್ದರೆ ಇನ್ನೊಮ್ಮೆ ಹಾಡಿಸುತ್ತಾರೆ, ಇನ್ನೊಮ್ಮೆ ಕೇಳಿದರೆ ಮುದುಕರು ಪಿಸುಗುಟ್ಟಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಅವನು ಚೀಟಿಯ ಮೇಲೆ ಬರೆದು, ಮಡಿಸಿ, ನನ್ನ ಮುಖ ನೋಡದೆ ಕೈಗಿಟ್ಟ. ನಾಲ್ಕು. ಟೀಚರ್ ಒಂಬತ್ತು ಕೊಟ್ಟಿದ್ದರು.

ಹತ್ತು ಹೆಜ್ಜೆ ನಡೆದರೆ ಮೈಕು. ಆ ಹತ್ತು ಹೆಜ್ಜೆಯಲ್ಲಿ ಚೀಟಿ ಹರಿಯಬಹುದಿತ್ತು, ತಿರುಗಿ ಹೋಗಿ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ನಾನು ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ, ನಾಲ್ಕು ಎಂದು ಓದಿದೆ. ಬೆಂಗಳೂರಿನವನು ಗೆದ್ದ.

ತೆರೆ ಇಳಿಸಿದರು. ಹಸಿರು ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ಮಾದಮ್ಮ ನಿಂತಿದ್ದಳು. ಅವಳ ಹೆಸರು ಕೊಟ್ಟು ಕರೆತಂದವಳು ಮೊಮ್ಮಗಳು ರೋಜಾ. ಈ ಹಾಡು ಯಾರಿಂದ ಕಲಿತಿರಿ ಎಂದು ಭುವನಾ ಟೀಚರ್ ಕೇಳಿದರು. ಮಾದಮ್ಮ ತಮ್ಮನನ್ನೊಮ್ಮೆ ನೋಡಿದಳು.

"ಇವ್ನು ಆಡ್ತಿದ್ನಲ್ಲ, ಕೇಳ್ಕಂಡು ಕಲ್ತೆ" ಎಂದಳು.

ಸಭೆ ಚಪ್ಪಾಳೆ ತಟ್ಟಿತು, ಅವಳಿಗಲ್ಲ, ಅವನಿಗೆ. ಸಂಘದವರು ತಿಮ್ಮರಾಜುವಿಗೆ ಶಾಲು ಹೊದಿಸಿದರು. ನಾನೂ ತಟ್ಟಿದೆ. ಆ ಕೈಗಳನ್ನು ಎಲ್ಲಿಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿಗೆ ಅವರನ್ನು ಬಿಡಲು ನಾವಿಬ್ಬರೂ ಹೋದೆವು. ರೋಜಾ ನೀರಿನ ಬಾಟಲಿ ತರಲು ಹೋದಳು. ಅಕ್ಕ ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದು ನಾನು ಕಾಯುತ್ತಿದ್ದೆ. ಅವಳು ತಮ್ಮನ ಶಾಲಿನ ಮಡಿಕೆ ಸರಿಮಾಡಿ, ದನಿ ತಗ್ಗಿಸಿದಳು.

"ತಿಮ್ಮಾ, ಎಲ್ಲಿ ತಪ್ತು? ಏರೋ ತಾವ್ಲಾ, ಇಳಿಯೋ ತಾವ್ಲಾ? ವಯಸ್ಸಾಯ್ತಲ್ಲಪ್ಪ, ನಂಗೆ ಗೊತ್ತಾಗಾಕಿಲ್ಲ. ನಿನ್ ಕಿವಿ ಯಾವತ್ತೂ ಸುಳ್ಳಾಡಿಲ್ಲ. ಯೋಳು, ತಿದ್ಕತೀನಿ."

ಅವಳು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಎಲ್ಲೂ ತಪ್ಪಿಲ್ಲ ಅಕ್ಕ ಎನ್ನು ಎಂದು ನಾನು ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡೆ. ಬಾಯಿಬಿಟ್ಟು ನಾನೇ ಹೇಳಬಹುದಿತ್ತು.

ತಿಮ್ಮರಾಜು ನೆಲ ನೋಡಿದ. "ಇಳಿಯೋ ತಾವ, ಅಕ್ಕ" ಎಂದ. "ವಸಿ ನಿಧಾನ ಆಯ್ತು."

ಅವಳು ತಲೆಯಾಡಿಸಿದಳು. ಬಸ್ಸು ಬಂತು, ರೋಜಾ ಅವಳನ್ನು ಕೈಹಿಡಿದು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದಳು. ಬಸ್ಸು ಹೊರಡುವ ಮೊದಲೇ ಮಾದಮ್ಮ ಕಣ್ಣು ಮುಚ್ಚಿ, ಬೆರಳಲ್ಲಿ ತಾಳ ಹಾಕುತ್ತಾ, ಅರವತ್ತಾರನೆಯ ವಯಸ್ಸಿನಲ್ಲೂ ಕೆಡದೆ ಉಳಿದಿದ್ದ ಆ ಇಳಿತವನ್ನು ಅವಸರವಾಗಿ ಹಾಡಿಕೊಳ್ಳತೊಡಗಿದ್ದಳು.