ರಮಾಕಾಂತನಿಗೆ ಇಲ್ಲದ ಅಕ್ಕ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವೆಲ್ಲ ನನಗೆ ಮೊದಲಿನಿಂದಲೂ ನಾನ್‌ಸೆನ್ಸ್. ಕಾನ್ವೆಂಟಿನಲ್ಲಿ ಕಲಿತವಳು, ಮೂವತ್ತು ವರ್ಷ ಭಟ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಯಾರಾದರೂ ಇಂಥ ಕಥೆ ಶುರುಮಾಡಿದರೆ ಚಹಾದ ಲೋಟ ಒಳಗಿಡುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ಎದ್ದುಹೋದರೆ ಬೇಸರವಿಲ್ಲ.

ನನ್ನ ತಮ್ಮ ವಸಂತ ಹೊನ್ನಾವರದಲ್ಲಿ ಬೋಟು ನಿಲ್ಲುವ ಧಕ್ಕೆಯಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದ. ಅವನೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ, ಅಲ್ಲೇ ಒಂದೇ ಮನೆಯಲ್ಲಿದ್ದೆವು. ತೊಂಬತ್ತರ ದಶಕದ ಕೊನೆಯಲ್ಲಿ ಅವನಿಗೆ, ಮುಂದಿನ ಚಕ್ರ ದೂರಕ್ಕೆ ಚಾಚಿಕೊಂಡಿರುವ ಚಾಪರ್ ಬೈಕಿನ ಹುಚ್ಚು ಹಿಡಿಯಿತು. ಓಂ ಬೀಚಿಗೆ ಬಂದಿದ್ದ ಫಾರಿನರ್ ಒಬ್ಬ ಬಿಟ್ಟುಹೋದ ಮ್ಯಾಗಜೀನಿನಲ್ಲಿ ಚಿತ್ರ ನೋಡಿ, ಹಳೆಯ ಬುಲೆಟ್ ಒಂದನ್ನು ಬಿಚ್ಚಿ ಹಿತ್ತಲಿನ ಶೆಡ್ಡಿನಲ್ಲಿ ಹರವಿದ. ಉದ್ದನೆಯ ಮುಂದಿನ ಫೋರ್ಕಿಗೆ ಬೋಟಿನ ಸ್ಟೀಲ್ ಪೈಪು, ಟ್ಯಾಂಕಿಗೆ ಬೋಟಿಗೆ ಬಳಿಯುವ ನೀಲಿ ಬಣ್ಣ. ಮುಗಿಯಲು ಮೂರು ವರ್ಷ ಹಿಡಿಯಿತು. ಮೊದಲು ಚಕ್ರ ಊರಿಗೆ ಬರುತ್ತದೆ, ಆಮೇಲೆ ಯಾವಾಗಲೋ ನೀನು ಬರುತ್ತೀಯ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನನ್ನು ನೋಡಿ ಮತ್ತೆ ಮೂವರು ಗೆಳೆಯರೂ ತಮ್ಮ ಬೈಕುಗಳನ್ನು ಹಾಗೇ ಮಾಡಿಕೊಂಡರು. ಎರಡಕ್ಕೆ ವೆಲ್ಡಿಂಗ್ ಮಾಡಿದ್ದೂ ಇವನೇ.

ಆ ಬೈಕು ಓಡಿಸಿದ್ದು ನಾಲ್ಕು ತಿಂಗಳು. ಕಾಮಾಲೆ ಬಂತು, ಹೋದ. ಹದಿಮೂರನೆಯ ದಿನದ ಊಟ ಮುಗಿಸಿ ಅವನ ಗೆಳೆಯ ರಮಾಕಾಂತ ಶೆಡ್ಡಿನ ಬಾಗಿಲಲ್ಲಿ ನಿಂತು, "ಹಂಗೇ ಇಟ್ರೆ ತುಕ್ಕು ಹಿಡೀತದೆ ಅಕ್ಕಾ, ನಾ ಓಡಿಸ್ತಾ ಇರ್ತೆ" ಎಂದ. ಆತು ಎಂದೆ. ಕುಮಟಾ ಹತ್ತಿರದ ಹೊಳನಗದ್ದೆಯವನು ಅವನು, ಹೆಂಚಿನ ವ್ಯಾಪಾರ. ಸ್ಪ್ಯಾನರ್ ಹಿಡಿಯಲೂ ಬಾರದು. ಆರು ತಿಂಗಳಲ್ಲಿ ನೀಲಿ ಟ್ಯಾಂಕು ಕಪ್ಪಾಗಿ ಅದರ ಮೇಲೆ ಅವನ ಹೆಸರು ಬಂತು. ಕೇಳಿದವರಿಗೆಲ್ಲ ತಾನೇ ಕಟ್ಟಿದ್ದು ಎನ್ನತೊಡಗಿದ. ಕಾಗದಪತ್ರ ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ. ಬೈಕು ಹೋದದ್ದಕ್ಕಿಂತ ವಸಂತನ ಹೆಸರು ಅಳಿಸಿದ್ದು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಫರ್ಗಿವ್‌ನೆಸ್ ಬಗ್ಗೆ ಕಾನ್ವೆಂಟಿನ ಸಿಸ್ಟರ್‌ಗಳು ಎಷ್ಟು ಪಾಠ ಮಾಡಿದ್ದರು! ಒಂದೂ ಉಪಯೋಗಕ್ಕೆ ಬರಲಿಲ್ಲ.

ಮರುವರ್ಷ ಕುಮಟಾದ ಮೈದಾನವೊಂದರಲ್ಲಿ ಬೈಕ್ ಶೋ ಎಂದು ಸುದ್ದಿಯಾಯಿತು. ಸ್ವಂತ ಕೈಯಲ್ಲಿ ಕಟ್ಟಿದ ಬೈಕಿಗೆ ಬಹುಮಾನದ ಕಪ್. ಭಟ್ಕಳದ ಜುಬೇರ್, ನನ್ನ ಹಳೆಯ ಸ್ಟೂಡೆಂಟ್, ಬೈಕು ಮಾಡಿಕೊಂಡ ಆ ಮೂವರು ಗೆಳೆಯರಲ್ಲಿ ಒಬ್ಬ. ನಾನೂ ಬರುತ್ತೇನೆ ಎಂದು ಅವನಿಗೆ ಫೋನ್ ಮಾಡಿದೆ. ಸ್ಟೇಜಿನ ಮೇಲೆ ರಮಾಕಾಂತ "ನಾನು ಕಟ್ಟಿದ್ದು" ಎಂದ ಕೂಡಲೇ ಎದ್ದುನಿಂತು ಎಲ್ಲರೆದುರು ಅವನ ಮಾನ ಹರಾಜು ಹಾಕುವುದು ನನ್ನ ಪ್ಲಾನ್. ಅದನ್ನು ಯಾರಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಒಟ್ಟಿಗೇ ಹೊರಡಲೆಂದು, ರಮಾಕಾಂತನದೂ ಸೇರಿ ನಾಲ್ಕೂ ಬೈಕು ಮನೆ ಮುಂದೆ ಬಂದು ನಿಂತವು. ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಬಂದರು. ಹೆಲ್ಮೆಟ್ಟಿನ ಕೆಳಗೆ ಸೆರಗು ಸಿಕ್ಕಿಸಿಕೊಂಡು ಜುಬೇರನ ಹಿಂದೆ ಅಡ್ಡಡ್ಡ ಕುಳಿತೆ. "ಟೀಚರ್, ಕ್ಲಾಸಲ್ಲಿ ನನ್ನ ಕಿವಿ ಹಿಂಡಿದ್ರಲ್ಲ, ಇವತ್ತು ಹೆಗಲು ಗಟ್ಟಿ ಹಿಡೀರಿ" ಎಂದ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಥ ಗಾಳಿ ಮೈಗೆ ತಾಗಿದ್ದು ಸುಳ್ಳಲ್ಲ, ಖುಷಿಯಾಯಿತು. ಆದರೆ ಮುಂದೆ ಹೋಗುತ್ತಿದ್ದ ಆ ಕಪ್ಪು ಟ್ಯಾಂಕು ನೋಡಿದಾಗಲೆಲ್ಲ ಖುಷಿ ಇಳಿಯುತ್ತಿತ್ತು.

ಹಳದೀಪುರ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಜಟಕ ಎಂಬ ದೈವದ ಕಲ್ಲೊಂದಿದೆ. ನಮ್ಮ ಕಡೆ ದೂರ ಹೋಗುವ ವಾಹನದವರು ಇಂಥಲ್ಲಿ ನಿಂತು ಕಾಯಿ ಒಡೆದೇ ಮುಂದೆ ಹೋಗುವುದು. ಅನ್ಯಾಯವಾದವರು ಜಟಕನಿಗೆ ದೂರು ಕೊಡುವುದೂ ಉಂಟು. ರಮಾಕಾಂತ ಕಾಯಿ ಒಡೆದ. ಜುಬೇರ್ ಎಂಜಿನ್ ಆಫ್ ಮಾಡಿ ಮರ್ಯಾದೆಯಿಂದ ಆಚೆ ನಿಂತ. ನಾನು ಕೈಮುಗಿಯುವ ಪೈಕಿಯವಳಲ್ಲ. ಆದರೂ ಆ ಹೊತ್ತಿಗೆ ಏನಾಯಿತೋ, ಕಲ್ಲಿನ ಹತ್ತಿರ ಹೋಗಿ, ವಸಂತನ ಹೆಸರು ಹೇಳಿ, ಇವತ್ತು ಅವನಿಗೆ ಜಸ್ಟಿಸ್ ಸಿಗಬೇಕು, ಎಲ್ಲರಿಗೂ ಸತ್ಯ ಕೇಳಿಸಬೇಕು ಎಂದು ಬಾಯೊಳಗೇ ಹೇಳಿದೆ. ಅರ್ಧ ಇಂಗ್ಲಿಷಿನಲ್ಲೇ ಹೇಳಿದೆ ಎಂದು ಕಾಣುತ್ತದೆ.

ಮೈದಾನದಲ್ಲಿ ಒಳ್ಳೆ ಜನ. ಮಧ್ಯಾಹ್ನ ಮೂರರ ಸುಮಾರಿಗೆ ರಮಾಕಾಂತನ ಸರದಿ ಬಂತು. ನಾನು ಮೊದಲ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು, ಎದ್ದೇಳಲು ತಯಾರಾಗಿ ಕುಳಿತೆ. ಇಷ್ಟು ಉದ್ದದ ಫೋರ್ಕ್ ಹೇಗೆ ನಿಲ್ಲಿಸಿದಿರಿ ಎಂದು ಜಡ್ಜ್ ಕೇಳಿದರು. ರಮಾಕಾಂತ ಮೈಕ್ ಹಿಡಿದ. ಆಮೇಲೆ ಎಡಗೈ ಹೆಬ್ಬೆರಳಿನಿಂದ ಕಿವಿಯ ತುದಿ ಉಜ್ಜಿಕೊಂಡ.

ಯಂತ್ರದ ವಿಷಯ ಹೇಳುವಾಗ ಹಾಗೆ ಕಿವಿ ಉಜ್ಜುತ್ತಿದ್ದವನು ವಸಂತ.

ಪೈಪಿನ ಗೇಜು, ಬೆಂಡ್ ಮಾಡಿದ ಕೋನ, ಯಾವ ಬೆಸುಗೆ ಎಲ್ಲಿ, ಒಂದೊಂದಾಗಿ ಹೇಳುತ್ತ ಹೋದ. ಧ್ವನಿ ರಮಾಕಾಂತನದೇ, ಮಾತು ಅವನದಲ್ಲ. "ಎರಡು ಸಲ ಬೆಸುಗೆ ಬಿಟ್ಟೋಯ್ತು. ಮೂರನೇ ಸಲ ಅಕ್ಕ ಮದುವೆ ಮನೆಯಿಂದ ಬಂದವಳು ಹಂಗೇ ಪೈಪ್ ಹಿಡ್ದಿದ್ಲು. ಕಿಡಿ ಹಾರಿ ಅವಳ ರೇಷ್ಮೆ ಸೀರೆ ಸುಟ್ಟಿತು. ಇಲಿ ಕಚ್ಚಿದ್ದು ಅಂತ ಸುಳ್ಳು ಹೇಳಿದೆ. ಅವಳಿಗೆ ಇನ್ನೂ ಗೊತ್ತಿಲ್ಲ."

ಜನ ನಕ್ಕರು. ನನ್ನ ಪಕ್ಕದಲ್ಲಿದ್ದ ಜುಬೇರ್ ಮೆಲ್ಲಗೆ, "ಇವನಿಗೆ ಅಕ್ಕ ಯಾವಾಗ ಹುಟ್ಟಿದ್ಲು ಟೀಚರ್?" ಎಂದ. ರಮಾಕಾಂತ ಅಪ್ಪ ಅಮ್ಮನಿಗೆ ಒಬ್ಬನೇ ಮಗ, ಅಕ್ಕತಂಗಿ ಯಾರೂ ಇಲ್ಲ. ನಾನು ಎದ್ದೇಳಲೇ ಇಲ್ಲ. ಅಷ್ಟು ಚೆನ್ನಾಗಿ ವಿವರಿಸಿದ್ದಕ್ಕೇ ಇರಬೇಕು, ಕಪ್ ಅವನಿಗೇ ಹೋಯಿತು.

ಮನೆಗೆ ಬಂದವಳೇ ಕಪಾಟು ತೆಗೆದೆ. ಆ ಸೀರೆ, ಇಲಿ ಕಚ್ಚಿದೆಯೆಂದು ನಾನು ಸಿಟ್ಟಿನಿಂದ ಮಡಚಿಟ್ಟದ್ದು, ಅಡಿಯಲ್ಲೇ ಇತ್ತು. ತೂತಿನ ಅಂಚು ಕರಕಲಾಗಿ ಗಂಟುಗಟ್ಟಿತ್ತು. ವಸಂತ ಬದುಕಿದ್ದಾಗ ರಮಾಕಾಂತನಿಗೆ ಹೇಳಿರಬಹುದು, ಗೆಳೆಯರಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸ್ಪ್ಯಾನರ್ ಹಿಡಿಯದವನಿಗೆ ಬೆಸುಗೆಯ ಲೆಕ್ಕ? ಆ ಕಿವಿ?

ಮೀನು ತರುವ ನಾಗಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಬುಟ್ಟಿ ಇಳಿಸಿ, "ದೂರು ಕೊಡೂಕೆ ಯಾರ ಹೆಸ್ರು ಹೇಳಿದ್ರಿ ಬಾಯೀ?" ಎಂದಳು. ವಸಂತನದು ಎಂದೆ. "ಎಂತ ಕಲ್ತವ್ರೋ ನೀವು. ಕದ್ದವನ ಹೆಸ್ರು ಹೇಳೂದಲ್ವಾ? ತಮ್ಮನ ಹೆಸ್ರು ಹೇಳಿದ್ರೆ ಜಟಕ ಮತ್ಯಾರನ್ನ ಕರೀಬೇಕು?" ಅವಳಿಗೆ ಅದು ಬಂಗುಡೆಯ ರೇಟಿನಷ್ಟೇ ಸರಳ.

ವಾರ ಕಳೆದು ರಮಾಕಾಂತ ಬಂದ. ಮುಖ ಇಳಿದಿತ್ತು. ಮೈಕ್ ಹಿಡಿದದ್ದು ಮಾತ್ರ ನೆನಪಿದೆಯಂತೆ, ಆಮೇಲೆ ಕಪ್ ಕೈಗೆ ಬಂದದ್ದು. ನಡುವೆ ಏನೂ ಇಲ್ಲ. ಅಕ್ಕನ ಸೀರೆ ಎಂತದು ಎಂದು ಊರೆಲ್ಲ ತಮಾಷೆ ಮಾಡುತ್ತಿದ್ದರು. ಬೈಕಿನ ಕೀಲಿಯನ್ನು ಟೇಬಲ್ ಮೇಲಿಟ್ಟ. "ಅಕ್ಕಾ, ನಾ ಹೇಳಿದ ಆ ಸೀರೆ ಕಥೆ ಖರೆಯಾ? ಅದೊಂದು ಹೇಳಿ."

ಹೌದು ಎಂದರೆ ಅವನಿಗೆ ದಾರಿ ಸಿಗುತ್ತಿತ್ತು. ಅಳುತ್ತಿದ್ದ, ತಪ್ಪು ಒಪ್ಪಿಕೊಳ್ಳುತ್ತಿದ್ದ, ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದ. ನಾನು ಕೀಲಿಯನ್ನು ಅವನ ಕಡೆಗೇ ತಳ್ಳಿದೆ.

"ನಂಗೆಂತ ಗೊತ್ತು ರಮಾಕಾಂತ? ಬೈಕ್ ನೀ ಕಟ್ಟಿದ್ದಲ್ವಾ."

ಅವನು ಆಮೇಲೆ ಅದನ್ನು ಓಡಿಸಲಿಲ್ಲ, ಮಾರಲೂ ಇಲ್ಲ. ಮದುವೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕಿದಾಗಲೆಲ್ಲ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಪ್ರತಿ ಸಲವೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ಆಸ್ಪತ್ರೆಯಿಂದ ಮಗಳ ಕೈಯಲ್ಲಿ ಫೋನ್ ಮಾಡಿಸಿದ್ದ. ಆಗಲೂ ಗೊತ್ತಿಲ್ಲ ಎಂದೆ. ಮೂರನೆಯ ದಿನ ತೀರಿಕೊಂಡ.

ಆ ಮಧ್ಯಾಹ್ನ ನಡೆದದ್ದು ಏನೆಂದು ನನಗೆ ಇವತ್ತಿಗೂ ಹೇಳಲಾಗದು. ಜಟಕನೆಂದರೆ ನಂಬಿಕೆ ಬರುವುದಿಲ್ಲ, ಕೋಇನ್ಸಿಡೆನ್ಸ್ ಎಂದರೆ ಮನಸ್ಸು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೆ. ಬಂದದ್ದು ವಸಂತನೇ ಆಗಿದ್ದರೆ, ಕೈಯಲ್ಲಿ ಮೈಕಿತ್ತು, ಎದುರಿಗೆ ಜನವಿತ್ತು, ಕದ್ದವನ ಬಾಯಿಯೇ ಸಿಕ್ಕಿತ್ತು. ಆದರೂ ಅವನು ಬೈಕಿನ ಬಗ್ಗೆ ಹೇಳಿದ, ನನ್ನ ಸೀರೆಯ ಬಗ್ಗೆ ಹೇಳಿದ, ರಮಾಕಾಂತನ ಮೇಲೆ ಒಂದು ಮಾತೂ ಆಡದೆ ಹೋದ.