ಜುಲ್ಮಾ ಉಜ್ಜಿದ ಕನ್ನಡಿಗಳು

ನಮ್ಮ ಡೈನ್ಜ ಊರಿನಲ್ಲಿ ಜುಲ್ಮಾಳ ಕೈಗೆ ಸಿಕ್ಕ ಕೊಳೆ ಬದುಕಿ ಉಳಿದದ್ದಿಲ್ಲ. ಸೆರಾಫಿನ್ ಯಜಮಾನನ ಕನ್ನಡಿ ಡೇರೆಯಲ್ಲಿ ಹದಿನೆಂಟು ವರ್ಷ ಕನ್ನಡಿ ಒರೆಸಿ, ಬಿಯರ್ ಹಂಚಿದ ಒಂಟಿ ಹೆಂಗಸು. ಹಬ್ಬಕ್ಕೆ ಕಟ್ಟಿ ಆಮೇಲೆ ಬಿಚ್ಚಿಡುವ ಆ ಡೇರೆಗೆ ಮರದ ಗೋಡೆ, ಸುತ್ತ ಮೂವತ್ತಾರು ಕನ್ನಡಿ, ನಡುವೆ ಕುಣಿಯುವ ನೆಲ. ಒಂದು ಮೊಳೆಯಿಲ್ಲ. ಪ್ರತಿ ಚೌಕಟ್ಟೂ ತನ್ನ ಕಂಬಕ್ಕೆ ಮಾತ್ರ ಕೂರುತ್ತದೆ. ಯಾವುದು ಎಲ್ಲಿಗೆಂದು ಬೆನ್ನ ಮೇಲೆ ಅಂಕೆ ಬರೆದಿರುತ್ತದೆ.

ಯುದ್ಧ ಮುಗಿದ ಮರುವರ್ಷ, ಡೇರೆ ಬಿಚ್ಚಿಟ್ಟ ಚಳಿಗಾಲದಲ್ಲಿ, ಈ ಮಹಾತಾಯಿ ಅಷ್ಟೂ ಚೌಕಟ್ಟುಗಳ ಬೆನ್ನನ್ನು ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿಬಿಟ್ಟಳು. ಕೊಳೆಯ ಜೊತೆ ಅಂಕೆಗಳೂ ಹೋದವು. ಅದು ಗೊತ್ತಾದದ್ದು ಊರಹಬ್ಬದ ಹಿಂದಿನ ದಿನ ಬೆಳಿಗ್ಗೆ, ಡೇರೆ ಕಟ್ಟಲು ಹೊರಟಾಗ.

“ಯಾರಿಗೂ ಕಾಣದ ಬೆನ್ನನ್ನ ಉಜ್ಜು ಅಂತ ಯಾರೇ ಹೇಳಿದ್ರು ನಿಂಗೆ?” ಯಜಮಾನ ಕೂಗಾಡಿದ. “ನಾಳೆ ಮಧ್ಯಾಹ್ನ ಬ್ಯಾಂಡು ಶುರುವಾಗ್ಲಿಲ್ವೋ, ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೋ!”

ಬಾಯಿಗೆ ಬೀಗವಿಲ್ಲದ ಜುಲ್ಮಾ ಅವತ್ತು ಒಂದೊಂದೇ ಚೌಕಟ್ಟು ತಿರುಗಿಸಿ ಅಂಕೆಯ ಗುರುತು ಹುಡುಕತೊಡಗಿದಳು.

ನನ್ನ ಜೊತೆ ಬ್ರೆಡ್ ಕೊಡಲು ಬಂದಿದ್ದ ಹೆಂಡತಿ ಅಲಿಡಾ ಒಂದು ಕನ್ನಡಿಯ ಮುಂದೆ ನಿಂತವಳೇ, “ಅಯ್ಯೋ, ಇದು ನಮ್ದು ಕಣ್ರೀ! ಈ ಕಪ್ಪು ಚುಕ್ಕೆ ನೋಡಿ. ಬಾಗಿಲಿಂದ ಮೂರನೇದು!” ಎಂದಳು.

ನಮ್ಮಲ್ಲಿ ಹುಡುಗಿಯನ್ನು ನೇರವಾಗಿ ದಿಟ್ಟಿಸಿದರೆ ಅವಳಮ್ಮನ ಛತ್ರಿಯೇಟು ಖಚಿತ. ಬೆನ್ನು ತಿರುಗಿಸಿ ಕೂತು ಕನ್ನಡಿಯಲ್ಲಿ ನೋಡಬೇಕು. ಕಣ್ಣು ಕೂಡಿದರೆ ಕುಣಿತಕ್ಕೆ ಏಳಬೇಕು. ಅರ್ಧ ಊರಿನ ಮದುವೆ ಆದದ್ದೇ ಹೀಗೆ. ಸುದ್ದಿ ಹಬ್ಬಿ, ತಂತಮ್ಮ ಕನ್ನಡಿ ಗುರುತಿಸಲು ಹೆಂಗಸರು ಗಂಡಂದಿರನ್ನು ಎಳೆದುಕೊಂಡು ಬಂದರು.

“ನಮ್ಮತ್ತೇನ ಪೀಪಾಯಿ ಥರ ತೋರಿಸ್ತಿದ್ದ ಕನ್ನಡಿ ಇದು. ಹೆಂಗೆ ಮರೀಲಿ?”

“ನಮ್ದು ಆ ಮೂಲೇದು ಅಲ್ವಾ?” ಎಂದ ಒಬ್ಬ ಗಂಡ.

“ಅಲ್ಲಿ ಯಾವಳನ್ನ ನೋಡ್ತಿದ್ರಿ ಹಾಗಾದ್ರೆ?”

ನಾಲ್ಕು ಗಂಟೆಗೆ ಮೂವತ್ತೈದು ಕೂತವು. ಉಳಿದ ಒಂದಕ್ಕೆ ಉಳಿದ ಜಾಗ. ಕೇಳುವ ಅಗತ್ಯವೇ ಇರಲಿಲ್ಲ.

“ಪಾಪ, ಇದನ್ನ ಮಾತ್ರ ಯಾರೂ ನಮ್ದು ಅನ್ಲಿಲ್ಲ,” ಎಂದಳು ಜುಲ್ಮಾ, ಅದನ್ನು ಒರೆಸುತ್ತಾ.

ಬ್ಯಾಂಡಿನಲ್ಲಿ ಅಕಾರ್ಡಿಯನ್ ನುಡಿಸುವ ಓಡಿಲ್, ಐವತ್ತು ದಾಟಿದ ಸಂಕೋಚದ ಮನುಷ್ಯ, ಬಂದು ಚೌಕಟ್ಟಿಗೆ ಕೈ ಹಾಕಿದ. “ಇದು ನಂದು. ಬ್ಯಾಂಡಿನ ಎದುರಿಗಿರೋದು. ಹನ್ನೊಂದು ವರ್ಷದಿಂದ ಇದ್ರಲ್ಲೇ ನಿಮ್ಮನ್ನ ನೋಡ್ತಿದೀನಿ. ನೀವು ಒಂದ್ಸಲಾನೂ ಕಣ್ಣೆತ್ತಲಿಲ್ಲ.”

ಜುಲ್ಮಾ ಕೆಂಪಾದಳು. “ನಂಗೆ ಕನ್ನಡೀಲಿ ಕಾಣೋದು ಕಲೆ ಒಂದೇ, ಮಾರಾಯ್ರೆ!”

“ಈಗ ಕಲೆ ಇಲ್ವಲ್ಲ. ಈಗಾದ್ರೂ ನೋಡಿ.”

ಆಕೆ ನೋಡಿದಳು. ನಾವೆಲ್ಲ ಬೇಕೆಂದೇ ಬೇರೆ ಕಡೆ ತಿರುಗಿದೆವು. ಸುತ್ತ ಕನ್ನಡಿಗಳಿದ್ದುದರಿಂದ ಏನೂ ತಪ್ಪಿಹೋಗಲಿಲ್ಲ.

ಮರುದಿನ ಮೊದಲ ಕುಣಿತಕ್ಕೆ ಬ್ಯಾಂಡಿನಲ್ಲಿ ಅಕಾರ್ಡಿಯನ್ ಇರಲಿಲ್ಲ. ಬಿಯರನ್ನು ಸೆರಾಫಿನ್ ಯಜಮಾನನೇ ಹಂಚಿದ.